ಎರಡು ಕಂಬಗಳ ನಡುವೆ

ಮನೆಯೆಲ್ಲ ಮಲಗಿದ ಮೇಲೆ ನಡುಮನೆಯಲ್ಲಿ 'ಟಿಕ್' ಎಂದಿತು. ಗಾಜಿಗೆ ಹಿತ್ತಾಳೆ ತಾಗಿದ ಸದ್ದು. ಬೇರೆ ಯಾರಾದರೂ ಆಗಿದ್ದರೆ ಹಲ್ಲಿಯೋ ಇಲಿಯೋ ಎಂದುಕೊಂಡು ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಅವಳು ಹಾಗೆ ಮಲಗುವ ಪೈಕಿಯಲ್ಲ. ಅವಳದು ಟೈಲರ್ ಕೆಲಸ. ಬಟ್ಟೆಯ ಅಳತೆ ಟೇಪಿನ ತುದಿಯಲ್ಲಿರುವ ಹಿತ್ತಾಳೆಯ ಪಟ್ಟಿ ಎಲ್ಲಿ ತಾಗಿದರೆ ಎಂಥ ಸದ್ದು ಬರುತ್ತದೆ ಎಂಬುದು ಅವಳಿಗೆ ತನ್ನ ಮಗಳ ಕೆಮ್ಮಿನಷ್ಟೇ ಪರಿಚಿತ. ಅದು ತನ್ನ ಟೇಪು. ಹಾಸಿಗೆಯ ಆ ಪಕ್ಕ ತಡವಿದಳು. ಗಂಡ ಇರಲಿಲ್ಲ.

ಬರಿಗಾಲಲ್ಲಿ ಬಾಗಿಲವರೆಗೆ ಬಂದು ನಿಂತಳು. ನಡುಮನೆಯ ದೀಪ ಉರಿಯುತ್ತಿತ್ತು. ಗಂಡ ತನ್ನ ಶೋಕೇಸಿನ ಮುಂದೆ ಮಂಡಿಯೂರಿ, ಪೆನ್ಸಿಲನ್ನು ಬಾಯಲ್ಲಿ ಕಚ್ಚಿಕೊಂಡು, ಟೇಪನ್ನು ಒಂದು ತುದಿಯಿಂದ ಎಳೆಯುತ್ತಿದ್ದ. ಟೇಪು ಅಷ್ಟು ಉದ್ದ ಇರಲಿಲ್ಲ. ಮುಗಿದ ಕಡೆ ಪೆನ್ಸಿಲಿನಿಂದ ಗೆರೆ ಎಳೆದು, ಅಲ್ಲಿಂದ ಮತ್ತೆ ಎಳೆದ. ಗಾಜಿನ ಹಿಂದೆ ಅವನ ಕಪ್ಪುಗಳು ಸಾಲಾಗಿ ನಿಂತಿದ್ದವು. ವಿಮಾ ಕಚೇರಿಯಲ್ಲಿ ಅಧಿಕಾರಿಯಾಗಿದ್ದಾಗ ಶಾಖೆ ಶಾಖೆಗಳ ನಡುವೆ ಟೇಬಲ್ ಟೆನಿಸ್ ಆಡಿ ಗೆದ್ದವು. ಎರಡು ಕಿವಿಯವು, ಕಿವಿ ಮುರಿದವು, ಮುಚ್ಚಳ ಇದ್ದವು, ಮುಚ್ಚಳ ಕಳೆದವು.

ಅವಳ ಕಣ್ಣು ಹೋದದ್ದು ಕಪ್ಪಿನ ಮೇಲಲ್ಲ, ಅವನ ಕೈಯಲ್ಲಿದ್ದ ಟೇಪಿನ ಮೇಲೆ. ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ ಹಳೆಯ ಹಳದಿ ಟೇಪು. ಅದರಲ್ಲಿ ಅವಳು ಈಗ ಏನನ್ನೂ ಅಳೆಯುತ್ತಿರಲಿಲ್ಲ. ಕತ್ತರಿಸಿದ ಬಟ್ಟೆಗಳ ಗಂಟು ಕಟ್ಟಲಿಕ್ಕೆ ಇಟ್ಟುಕೊಂಡಿದ್ದಳು. ವರ್ಷಗಟ್ಟಲೆ ಕೊರಳಿಗೆ ಹಾಕಿ, ಎಳೆದು, ಸುತ್ತಿ, ಬೆವರಿನಲ್ಲಿ ನೆನೆದು ಅದು ಹಿಗ್ಗಿಹೋಗಿತ್ತು. ಹಿಗ್ಗಿದ ಟೇಪು ಯಾವುದನ್ನೂ ಇದ್ದದ್ದಕ್ಕಿಂತ ಗಿಡ್ಡವಾಗಿ ತೋರಿಸುತ್ತದೆ. ಈ ಪಾಠವನ್ನು ಅವಳು ಒಬ್ಬ ಹುಡುಗಿಯ ಮದುವೆಯ ಗೌನು ಹೊಲಿದು ಕಲಿತಿದ್ದಳು. ಮೈ ಅಳತೆ ತೆಗೆದದ್ದು ಆ ಟೇಪಿನಲ್ಲಿ, ಬಟ್ಟೆ ಕತ್ತರಿಸಿದ್ದು ಮೇಜಿನ ಅಂಚಿಗೆ ಕೊರೆದಿದ್ದ ಗುರುತಿನ ಪ್ರಕಾರ. ಗೌನು ಹುಡುಗಿಯ ಸೊಂಟಕ್ಕೆ ಏರಲಿಲ್ಲ. ಹುಡುಗಿ ಅತ್ತಳು, ಅವಳ ತಾಯಿ ಬೈದಳು, ಇವಳು ರಾತ್ರಿಯೆಲ್ಲ ಕೂತು ಬಿಚ್ಚಿ ಹೊಲಿದಳು. ಒಂದರಲ್ಲಿ ಅಳೆದು ಇನ್ನೊಂದರಲ್ಲಿ ಕತ್ತರಿಸಬಾರದು ಎಂದು ಆವತ್ತೇ ತನಗೆ ತಾನೇ ಹೇಳಿಕೊಂಡಿದ್ದಳು.

ತಾವು ಹೋಗಲಿದ್ದ ಹೊಸ ಮನೆಯ ಗೋಡೆಯನ್ನು ಗಂಡ ಅಳೆದದ್ದು ತನ್ನ ಉಕ್ಕಿನ ಟೇಪಿನಲ್ಲಿ. ಅದನ್ನು ಅಲ್ಲೇ ಕಿಟಕಿಯ ಮೇಲೆ ಮರೆತು ಬಂದಿದ್ದ. ಬೆಳಗಿನ ತನಕ ಕಾಯುವಷ್ಟು ತಾಳ್ಮೆ ಅವನ ಜಾತಕದಲ್ಲೇ ಇರಲಿಲ್ಲ.

"ಎಂಬತ್ತೆರಡೂವರೆ ಇಂಚು!" ಎಂದ, ಪೆನ್ಸಿಲು ಬಾಯಿಂದ ತೆಗೆದು. "ಗೋಡೆ ಎಂಬತ್ತಮೂರು. ಹೇಳಿ ಮಾಡಿಸಿದ ಹಾಗಿದೆ."

ಅವಳು ಬಾಯಿ ತೆರೆದಳು. ಹೇಳಬೇಕೆಂದೇ ತೆರೆದಳು. ರೀ, ಆ ಟೇಪು ಸರಿಯಿಲ್ಲ. ಇಷ್ಟೇ ಮಾತು. ಅಷ್ಟರಲ್ಲಿ ನೆರಳು ಬಿದ್ದದ್ದು ಕಂಡು ಅವನು ತಿರುಗಿ ನೋಡಿದ. ಅವನ ಹುಬ್ಬು ಗಂಟಿಕ್ಕಿತು.

"ಮತ್ತೆ ಶುರು ಮಾಡಬೇಡ. ಅಲ್ಲಿ ಉದ್ದದ ಸಾಮಾನು ಇಡೋಕೆ ಇರೋದು ಒಂದೇ ಗೋಡೆ. ನಿನ್ನ ಮೇಜಿಗೆ ಜಾಗ ಇಲ್ಲ, ಇಲ್ಲ, ಇಲ್ಲ. ಎಷ್ಟು ಸಲ ಹೇಳಬೇಕು? ಹೋಗಿ ಮಲಗು."

ಅವಳು ಬಾಯಿ ಮುಚ್ಚಿದಳು. ಹೋಗಿ ಮಲಗಿದಳು. ನಿದ್ದೆ ಮಾತ್ರ ಬರಲಿಲ್ಲ.

ಈ ದೊಡ್ಡ ಮನೆ ಮಾರುವ ಯೋಚನೆ ಅವಳಿಗೂ ಬೇಡವಾದದ್ದೇನಲ್ಲ. ಮಗಳು ಮದುವೆಯಾಗಿ ಹೋದ ಮೇಲೆ ಮಹಡಿಯ ಕೋಣೆಗಳಲ್ಲಿ ಧೂಳು ಮಾತ್ರ ವಾಸವಾಗಿತ್ತು. ಸಾಲದ ಕಂತು, ಸುಣ್ಣ ಬಣ್ಣ, ಸೋರುವ ತೊಟ್ಟಿ, ಎಲ್ಲಕ್ಕೂ ಮುಕ್ತಿ ಸಿಕ್ಕರೆ ಯಾರಿಗೆ ಬೇಡ? ಗಂಡ ಅವಧಿಗೆ ಮೊದಲೇ ಕೆಲಸ ಬಿಟ್ಟು ಬಂದವನು, ಫೋನಿನಲ್ಲಿ ಯಾವನೋ ಒಬ್ಬ ನುಣ್ಣನೆ ಮುಖದವನ ಭಾಷಣ ಕೇಳಿ ಕೇಳಿ ತಲೆ ತುಂಬಿಸಿಕೊಂಡಿದ್ದ. ಚಿಕ್ಕ ಮನೆ, ದೊಡ್ಡ ಬದುಕು. ಸಾಲ ಇಲ್ಲ, ಸಾಮಾನು ಇಲ್ಲ, ಊರೂರು ಸುತ್ತೋಣ, ಹಾಯಾಗಿರೋಣ. "ಎರಡು ವರ್ಷ ಮುಟ್ಟದ ವಸ್ತು ಮನೆಯಲ್ಲಿ ಇರಬಾರದು" ಎಂಬುದು ಆ ನುಣ್ಣನೆ ಮುಖದವನ ಕಟ್ಟಳೆ. ಗಂಡ ಕಚೇರಿಯಲ್ಲಿ ಉಳಿದಿದ್ದ ಬಣ್ಣದ ಚುಕ್ಕಿ ಸ್ಟಿಕ್ಕರುಗಳನ್ನು ತಂದ. ಹಸಿರು ಚುಕ್ಕಿ ಅಂಟಿದ್ದು ಬರುತ್ತದೆ, ಕೆಂಪು ಚುಕ್ಕಿ ಅಂಟಿದ್ದು ಹೋಗುತ್ತದೆ. ದಿನಾ ಬೆಳಗ್ಗೆ ಎದ್ದರೆ ಮನೆಗೆ ಹೊಸದಾಗಿ ದಡಾರ ಎದ್ದ ಹಾಗೆ ಕಾಣುತ್ತಿತ್ತು.

ಅವಳ ದೊಡ್ಡ ಬಾಣಲೆಗೆ ಕೆಂಪು. ಅವಳ ತಾಯಿಯ ಕುರ್ಚಿಗೆ ಕೆಂಪು. ಗುಂಡಿಗಳ ಡಬ್ಬಿಗಳಿಗೆ ಸಾಲಾಗಿ ಕೆಂಪು. ಅದನ್ನೆಲ್ಲ ಅವಳು ಹಲ್ಲು ಕಚ್ಚಿ ನುಂಗಿಕೊಂಡಳು. ಒಂದು ಬೆಳಗ್ಗೆ ಕತ್ತರಿಸುವ ಮೇಜಿನ ನಟ್ಟನಡುವೆ ಕೆಂಪು ಚುಕ್ಕಿ ಕೂತಿತ್ತು.

ಆ ಮೇಜು ಅವಳು ತನ್ನ ದುಡಿಮೆಯಿಂದ ಮಾಡಿಸಿದ್ದು. ನಿಂತು ಕೆಲಸ ಮಾಡುವ ಎತ್ತರ, ಒಂದು ಇಡೀ ಕೋಟು ಹರಡುವ ಅಗಲ. ಸೊಂಟ ಒತ್ತಿ ಒತ್ತಿ ಒಂದು ಕಡೆ ಅಂಚು ಸವೆದು ಬೆಣ್ಣೆಯಂತಾಗಿತ್ತು. ಅದರ ಮುಂದೆ ನಿಂತರೆ ಅವಳ ಎದೆಯ ಡವಡವ ತಾನಾಗಿ ಇಳಿಯುತ್ತಿತ್ತು. ಸಣ್ಣದಕ್ಕೂ ಗಾಬರಿಯಾಗುವ ಹೆಂಗಸು ಅವಳು. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಬೀದಿಯ ಕೊನೆಯಿಂದ ವಾಪಸು ಬರುವವಳು. ಕತ್ತರಿ ಕೈಗೆ ಬಂದಾಗ ಮಾತ್ರ ಅವಳ ಕೈ ನಡುಗುತ್ತಿರಲಿಲ್ಲ.

"ರೀ, ಇದನ್ನ ನಾನು ದಿನಾ ಮುಟ್ತೀನಿ" ಎಂದಿದ್ದಳು ಆವತ್ತು. "ನಿಮ್ಮ ಕಟ್ಟಳೆ ಪ್ರಕಾರ ಇದಕ್ಕೆ ಕೆಂಪು ಹೇಗೆ ಬಂತು?"

"ಇನ್ನು ಮುಟ್ಟಬೇಕಾಗಿಲ್ಲ. ಅದಕ್ಕೇ ಅಲ್ವಾ ಮನೆ ಮಾರ್ತಿರೋದು? ಊರವರ ಪ್ಯಾಂಟಿನ ಅಂಚು ಮಡಿಸಿದ್ದು ಸಾಕು. ಜೀವನ ಅನುಭವಿಸು."

"ನಂಗೆ ಇದೇ ಅನುಭವ."

"ನೋಡು, ನಿಂಗೆ ಸುಖಪಡೋಕೂ ಬರಲ್ಲ. ಅದನ್ನೂ ನಾನೇ ಕಲಿಸಬೇಕು."

"ನಿಮ್ಮ ಕಪ್ಪುಗಳನ್ನ ನೀವು ಮುಟ್ಟಿ ಎಷ್ಟು ಕಾಲ ಆಯ್ತು?"

ಅವನು ಶೋಕೇಸಿನ ಎರಡೂ ಬಾಗಿಲಿಗೆ ಒಂದೊಂದು ಹಸಿರು ಚುಕ್ಕಿ ಅಂಟಿಸಿದ. ಆಮೇಲೆ ಆ ವಾರ ಪೂರ್ತಿ ಇಬ್ಬರ ನಡುವೆ ಉಪ್ಪು ಎಲ್ಲಿ, ಬೀಗ ಎಲ್ಲಿ ಎಂಬಷ್ಟು ಮಾತು ಮಾತ್ರ ಉಳಿಯಿತು.

ಮೇಜು ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಾದದ್ದು ಗಂಡನ ಅಕ್ಕ ಬಂದಾಗ. ಅವಳು ಬಂದದ್ದೇ ಕೋಣೆಗೆ ನುಗ್ಗಿ, ಬಟ್ಟೆಗಳನ್ನು ಪಕ್ಕಕ್ಕೆ ತಳ್ಳಿ, ಮೇಜಿನ ಮೇಲೆ ಅಂಗೈ ಬಡಿದು ನೋಡಿದಳು.

"ಮರ ಗಟ್ಟಿ ಇದೆ. ಎಂಟು ಜನ ಕೂತು ಊಟ ಮಾಡಬಹುದು. ಕಾಲು ಸ್ವಲ್ಪ ಕೊಯ್ಯಿಸಿದರಾಯ್ತು."

"ಕೊಯ್ಯೋದಾ?" ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ.

"ಮತ್ತೆ? ನಿಂತ್ಕೊಂಡು ಉಣ್ಣೋಕಾಗುತ್ತಾ? ಏನೇ ಹಾಗೆ ನೋಡ್ತೀಯ, ನಿನ್ನ ಕಾಲು ಕೊಯ್ತೀನಿ ಅಂದೆನಾ ನಾನು?"

"ಅತ್ತಿಗೆ, ಇದನ್ನ ಕೊಡ್ತೀನಿ ಅಂತ ನಾನು ಹೇಳಿಲ್ಲ."

"ನೀನು ಯಾಕೆ ಹೇಳ್ಬೇಕು? ನನ್ನ ತಮ್ಮ ಹೇಳಿದಾನೆ. ಹೆಚ್ಚು ಮಾತಾಡಿದರೆ ನಿಂಗೂ ಒಂದು ಕೆಂಪು ಚುಕ್ಕಿ ಅಂಟಿಸ್ತಾನೆ ನೋಡು!" ಎಂದು ಅತ್ತಿಗೆ ಮೈ ಕುಲುಕಿಸಿ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಗಂಡನೂ ನಕ್ಕ. ಆ ನಗು ಅವಳ ಕಿವಿಯಲ್ಲಿ ಬಹಳ ದಿನ ಇತ್ತು. ರಾತ್ರಿ 'ಟಿಕ್' ಎಂಬ ಸದ್ದು ಕೇಳಿದಾಗಲೂ ಇತ್ತು.

ಆ ಸದ್ದಿನ ಮರುದಿನ ಅವಳು ಹಳದಿ ಟೇಪನ್ನು ಮೊಳೆಯಿಂದ ತೆಗೆದು ಒಂದು ಬಟ್ಟೆಯ ಗಂಟಿಗೆ ಸುತ್ತಿ ಬಿಗಿದಳು. ಅದರ ಕೆಲಸವೇ ಅದು. ಬಚ್ಚಿಟ್ಟಳೆಂದು ಯಾರೂ ಹೇಳುವಂತಿರಲಿಲ್ಲ. ದಿನಕ್ಕೆ ಹತ್ತು ಸಲ ಹೇಳಿಬಿಡೋಣ ಎನ್ನಿಸಿತು. ಹೇಳಿದರೆ ಏನಾಗುತ್ತದೆ? ಅವನು ಬಡಗಿಯನ್ನು ಕರೆಸಿ ಶೋಕೇಸಿನ ಅಂಚು ತೆಗೆಸುತ್ತಾನೆ, ಅದು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಗೋಡೆಗೆ ಕೂರುತ್ತದೆ, ಮೇಜಿನ ಕಾಲು ಅತ್ತಿಗೆಯ ಹಿತ್ತಿಲಲ್ಲಿ ಒಲೆಗೆ ಹೋಗುತ್ತದೆ. ಹೇಳದಿದ್ದರೆ? ಮುಂದಿನದು ಅವಳಿಗೂ ತಿಳಿಯದು. ನಾನೇನೂ ಮಾಡಿಲ್ಲ, ಸುಮ್ಮನೆ ನಿಂತಿದ್ದೆ ಅಷ್ಟೆ ಎಂದು ಪಾತ್ರೆ ತೊಳೆಯುತ್ತ ನಲ್ಲಿಗೆ ಹೇಳಿದಳು.

ಸಾಮಾನು ಸಾಗಿಸುವ ದಿನ ಬಂತು. ಲಾರಿಯೊಂದು ಹಸಿರು ಚುಕ್ಕಿಗಳನ್ನು ಹೊತ್ತು ಹೊಸ ಮನೆಗೆ ಹೋಗುವುದು, ದಾರಿಯಲ್ಲಿ ಮೇಜನ್ನು ಅತ್ತಿಗೆಯ ಮನೆಗೆ ಇಳಿಸುವುದು ಎಂದು ಮಾತಾಗಿತ್ತು. ಆದರೆ ಮೇಜನ್ನು ಮೊದಲು ಒಳಗೆ ತಳ್ಳಿದ್ದರಿಂದ ಶೋಕೇಸು ಲಾರಿಯ ಬಾಗಿಲಿಗೆ ಅಡ್ಡ ಬಂತು. "ಇದು ಇಳಿದ ಮೇಲೇ ಅದು ಇಳಿಯೋದು ಸಾರ್. ವಾಪಸು ಬರ್ತಾ ಮೇಜು ಕೊಟ್ಟು ಹೋಗ್ತೀವಿ" ಎಂದ ಸಾಗಣೆಯ ಮೇಸ್ತ್ರಿ. ಅತ್ತಿಗೆಗೆ ನಂಬಿಕೆ ಬರಲಿಲ್ಲ. ತನ್ನ ಮೇಜನ್ನು ಕಾಯುತ್ತ ಆಟೋ ಹಿಡಿದು ಲಾರಿಯ ಹಿಂದೆಯೇ ಬಂದಳು.

ಹೊಸ ಮನೆ ಮೂರನೆಯ ಮಹಡಿಯಲ್ಲಿ. ಒಂದು ನಡುಮನೆ, ಒಂದು ಮಲಗುವ ಕೋಣೆ, ಇಬ್ಬರು ಒಟ್ಟಿಗೆ ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕಾದ ಅಡಿಗೆಮನೆ. ನಡುಮನೆಯ ಉದ್ದದ ಗೋಡೆ ಎರಡು ಕಂಬಗಳ ನಡುವೆ ಒಳಕ್ಕೆ ಸರಿದು ಒಂದು ಗೂಡಿನ ಹಾಗಿತ್ತು. ಪಕ್ಕದಲ್ಲೇ ದೊಡ್ಡ ಕಿಟಕಿ. ಬೆಳಕು ನೇರ ಅಲ್ಲಿಗೇ ಬೀಳುತ್ತಿತ್ತು. ಬಟ್ಟೆ ಕತ್ತರಿಸಲು ಇದಕ್ಕಿಂತ ಬೇರೆ ಬೆಳಕು ಬೇಕಿಲ್ಲ ಎಂದು ಅವಳಿಗೆ ಮೊದಲ ದಿನವೇ ಅನ್ನಿಸಿತ್ತು.

ನಾಲ್ವರು ಶೋಕೇಸನ್ನು ಹೊತ್ತು ತಂದರು. ಕಂಬಗಳ ಎದುರು ಇಳಿಸಿ ತಳ್ಳಿದರು. ಬಲಗಡೆ ಒಳಗೆ ಹೋಯಿತು. ಎಡಗಡೆ ಕಂಬಕ್ಕೆ ಬಡಿದು ನಿಂತಿತು. ಹಿಂದೆ ಎಳೆದು ಮತ್ತೆ ತಳ್ಳಿದರು. ಈ ಸಲ ಎಡಗಡೆ ಹೋಯಿತು, ಬಲಗಡೆ ನಿಂತಿತು.

"ಹೋಗಲ್ಲ ಸಾರ್" ಎಂದ ಮೇಸ್ತ್ರಿ. "ಒಂದು ಬೆರಳು ಜಾಸ್ತಿ ಇದೆ."

"ಜಾಸ್ತಿ ಹೇಗಿರುತ್ತೆ? ನಾನೇ ಅಳೆದಿದೀನಿ. ತಳ್ರೀ!"

"ತಳ್ಳಿದರೆ ಕಂಬ ಕಿತ್ತು ಬರುತ್ತೆ ಸಾರ್, ಇದು ಒಳಗೆ ಹೋಗಲ್ಲ."

ಗಂಡ ಕಿಟಕಿಯ ಮೇಲೆ ಮರೆತಿದ್ದ ಉಕ್ಕಿನ ಟೇಪನ್ನು ಕಿತ್ತುಕೊಂಡ ಹಾಗೆ ತೆಗೆದ. ಗೋಡೆ ಅಳೆದ. ಎಂಬತ್ತಮೂರು. ಶೋಕೇಸು ಅಳೆದ. ಎಂಬತ್ತಮೂರು ದಾಟಿ ಮುಕ್ಕಾಲು. ಮತ್ತೆ ಅಳೆದ. ಅವನ ಕಿವಿ ಕೆಂಪಾಯಿತು. ತಿರುಗಿ ಅವಳ ಕಡೆ ನೋಡಿದ.

"ಆವತ್ತು ರಾತ್ರಿ ನೀನು ಅಲ್ಲೇ ನಿಂತಿದ್ದೆ. ಎಂಬತ್ತೆರಡೂವರೆ ಇತ್ತೋ ಇಲ್ವೋ?"

ಅವಳು ಒಂದೊಂದು ಪದವನ್ನೂ ಸೂಜಿಗೆ ದಾರ ಪೋಣಿಸುವ ಹಾಗೆ ನೋಡಿ ಹೇಳಿದಳು. "ನೀವು ಎಂಬತ್ತೆರಡೂವರೆ ಅಂದಿರಿ. ನಾನು ಕೇಳಿಸ್ಕೊಂಡೆ."

"ನಿನ್ನ ಟೇಪು ಎಲ್ಲಿ? ಕೊಡು ಇಲ್ಲಿ."

"ಗಂಟುಗಳ ಜೊತೆ ಇದೆ. ಬಿಚ್ಚಬೇಕು."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಟೇಪು ಬಿಗಿದ ಗಂಟು ಅತ್ತಿಗೆಯ ಕಾಲ ಬಳಿಯಲ್ಲೇ ಬಿದ್ದಿತ್ತು. ಹಳದಿ ಪಟ್ಟಿಯ ಮೇಲಿನ ಅಂಕಿಗಳು ಎಲ್ಲರಿಗೂ ಕಾಣುವಂತಿದ್ದವು. ಅತ್ತಿಗೆ ಅದನ್ನು ಒಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡು ಆ ಗಂಟಿನ ಮೇಲೆ ಧಡಕ್ಕನೆ ಕೂತಳು.

"ಟೇಪನ್ನ ಯಾಕೆ ದೂರ್ತೀಯೋ? ಕನ್ನಡಕ ಹಾಕ್ಕೊಂಡಿದ್ಯಾ ಆವತ್ತು?" ಎಂದಳು ತಮ್ಮನಿಗೆ.

ಗಂಡ ಅಂಗಿಯ ಜೇಬು ತಡವಿದ.

"ಹಾಕ್ಕೊಂಡಿರಲ್ಲ. ನಂಗೊತ್ತಿಲ್ವಾ ನಿನ್ನ ಬುದ್ಧಿ? ಸಣ್ಣವನಿದ್ದಾಗಿಂದ ಹಾಗೇ. ಅವಸರ, ಅವಸರ. ಚಪ್ಪಲಿ ಎಡದ್ದು ಬಲಕ್ಕೆ ಹಾಕ್ಕೊಂಡು ಓಡೋನು. ಇಷ್ಟು ವರ್ಷ ಆ ಕಚೇರಿ ಮುಳುಗದೆ ಉಳಿದದ್ದೇ ಹೆಚ್ಚು."

"ಅಕ್ಕಾ, ಜನರ ಮುಂದೆ..."

"ಜನಕ್ಕೇನು, ಕಣ್ಣಿಲ್ವಾ?"

ಮೇಸ್ತ್ರಿ ಕೆಮ್ಮಿದ. "ಬೇಗ ಹೇಳಿ ಸಾರ್. ನಮಗೆ ಇನ್ನೊಂದು ಮನೆ ಇದೆ. ಇದನ್ನ ಏನು ಮಾಡೋದು? ಇಲ್ಲೇ ಬಿಟ್ಟರೆ ನೀವು ಬಾಗಿಲಿಂದ ಒಳಗೆ ಬರೋಕಾಗಲ್ಲ."

"ಅಂಚು ಕೊಯ್ಯಬಹುದಾ?"

"ಗಾಜು ಕೂತಿರೋದೇ ಅಂಚಲ್ಲಿ. ಕೊಯ್ದರೆ ಗಾಜೂ ಇಲ್ಲ, ಪೆಟ್ಟಿಗೆಯೂ ಇಲ್ಲ."

ಬಡಗಿಯೂ ಏನೂ ಮಾಡುವಂತಿರಲಿಲ್ಲ ಎಂಬುದು ಅವಳಿಗೆ ಆಗಷ್ಟೇ ಗೊತ್ತಾಯಿತು. ಮೊದಲೇ ಹೇಳಿದ್ದರೂ ಶೋಕೇಸು ಈ ಗೋಡೆಗೆ ಕೂರುತ್ತಿರಲಿಲ್ಲ.

ಗಂಡ ಅಕ್ಕನ ಕಡೆ ನೋಡಿದ. ಅವನು ಏನು ಕೇಳುತ್ತಾನೆಂದು ಅತ್ತಿಗೆಗೆ ಮೊದಲೇ ಗೊತ್ತಾಯಿತು. "ಬೇಡಪ್ಪಾ! ನಂಗೆ ಮೇಜು ಬೇಕು. ನಿನ್ನ ತಗಡಿನ ಲೋಟಗಳನ್ನ ನಾನೆಲ್ಲಿಡಲಿ?"

"ನಿನ್ನ ನಡುಮನೆ ದೊಡ್ಡದಿದೆ ಅಕ್ಕಾ. ಬೀದಿಗೆ ಹಾಕೋಕಾಗುತ್ತಾ ಇದನ್ನ?"

"ಎರಡೂ ಹಿಡಿಸಲ್ಲ ಅಲ್ಲಿ."

"ಹಾಗಾದರೆ ಇದನ್ನೇ ತಗೊಂಡು ಹೋಗು."

"ಮತ್ತೆ ಮೇಜು?"

ಅವರಿಬ್ಬರನ್ನೂ ಬಿಟ್ಟು ಅವಳು ಮೇಸ್ತ್ರಿಯ ಕಡೆ ತಿರುಗಿದಳು. ಅವಳ ಧ್ವನಿ ನಡುಗುತ್ತದೆಂದು ಅವಳೇ ಕಾದಿದ್ದಳು. ನಡುಗಲಿಲ್ಲ.

"ಮೇಜು ಇಲ್ಲಿಗೆ ತನ್ನಿ. ಸವೆದ ಅಂಚು ಈ ಕಡೆ ಬರಲಿ."

ಮೇಜು ಎರಡು ಕಂಬಗಳ ನಡುವೆ ಹೋಗಿ ಕೂತಿತು. ಎರಡೂ ಬದಿಯಲ್ಲಿ ಕೈ ಆಡುವಷ್ಟು ಜಾಗ ಉಳಿಯಿತು. ಕೆಂಪು ಚುಕ್ಕಿ ಇನ್ನೂ ನಡುವೆ ಇತ್ತು. ಎಲ್ಲರ ಮುಂದೆ ಅವಳು ಉಗುರಿನಿಂದ ಅದನ್ನು ಕೆರೆದು ತೆಗೆದಳು. ಸುಲಭಕ್ಕೆ ಬರಲಿಲ್ಲ, ತುಂಡು ತುಂಡಾಗಿ ಬಂತು.

"ನೋಡ್ತಾ ಇರು" ಎಂದ ಗಂಡ, ಹಲ್ಲಿನ ಸಂದಿಯಿಂದ. "ಎರಡು ತಿಂಗಳು. ಆಮೇಲೆ ಇದೂ ಹೋಗುತ್ತೆ."

"ಅಳೆದು ನೋಡಿ ಕಳಿಸಿ" ಎಂದಳು ಅವಳು. ಆ ಮಾತು ಎಲ್ಲಿಂದ ಬಂತೋ ಅವಳಿಗೇ ಗೊತ್ತಾಗಲಿಲ್ಲ. ಅತ್ತಿಗೆ ಒಮ್ಮೆ ಕಣ್ಣು ಕಿರಿದು ಮಾಡಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಲಾರಿಯ ಹಿಂದೆ ಹೊರಟಳು.

ಆಮೇಲಿನ ದಿನಗಳು ಸುಖದ್ದಾಗಿರಲಿಲ್ಲ. ದೊಡ್ಡ ಮನೆಯಲ್ಲಿ ಜಗಳವಾದರೆ ಒಬ್ಬರು ಮಹಡಿಗೆ ಹೋಗುತ್ತಿದ್ದರು. ಇಲ್ಲಿ ಹೋಗಲು ಇದ್ದದ್ದು ಸ್ನಾನದ ಮನೆ. ಗಂಡ ಕುರ್ಚಿಯನ್ನು ಮೇಜಿಗೆ ಬೆನ್ನು ಮಾಡಿ ಇಟ್ಟುಕೊಂಡು ಕೂರುತ್ತಿದ್ದ. ಹೊಲಿಗೆ ಮಿಷನ್ ಶುರುವಾದರೆ ಫೋನಿನ ಧ್ವನಿ ಏರಿಸುತ್ತಿದ್ದ. ನುಣ್ಣನೆ ಮುಖದವನು ಸ್ವಾತಂತ್ರ್ಯದ ಬಗ್ಗೆ ಕಿರುಚುತ್ತಿದ್ದ, ಅವಳು ಪೆಡಲು ಒತ್ತುತ್ತಿದ್ದಳು. ಅಳತೆ ಕೊಡಲು ಹೆಂಗಸರು ಬಂದರೆ ಅವನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಲ್ಲಿ ಹೋಗಿ ಕೂರಬೇಕಾಗುತ್ತಿತ್ತು. ಹೋಗುವಾಗ ಬಾಗಿಲು ಬಡಿಯುತ್ತಿದ್ದ. "ಯಜಮಾನರಿಗೆ ಹುಷಾರಿಲ್ವಾ ಟೈಲರಮ್ಮ?" ಎಂದು ಒಬ್ಬಾಕೆ ಕೇಳಿದಳು. "ಮನೆ ಹೊಸದು, ಒಗ್ಗಿಲ್ಲ" ಎಂದಳು ಅವಳು, ಹೊಸ ಟೇಪನ್ನು ಆಕೆಯ ಭುಜಕ್ಕೆ ಹಿಡಿಯುತ್ತ.

ಮಗಳು ಫೋನು ಮಾಡಿದಳು. "ಅಮ್ಮಾ, ಅಪ್ಪನ ಶೋಕೇಸು ಸೋದರತ್ತೆ ಮನೆಗೆ ಹೋಯ್ತಂತೆ? ಅಪ್ಪ ಅದನ್ನ ಬಿಟ್ಟುಕೊಟ್ರಾ? ಏನಾಯ್ತು?"

"ಹಿಡಿಸಲಿಲ್ಲ ಕಣೇ."

"ಅಷ್ಟೇನಾ?"

"ಅಷ್ಟೇ."

ಒಂದು ಭಾನುವಾರ ಗಂಡ ಅಕ್ಕನ ಮನೆಗೆ ಹೋಗಿ ಬಂದ. ಬಂದವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ. ಅವಳು ಒಂದು ಕೋಟಿನ ಒಳಪದರ ಕತ್ತರಿಸುತ್ತಿದ್ದಳು.

"ಶೋಕೇಸಲ್ಲಿ ಅಕ್ಕ ತಟ್ಟೆ ಜೋಡಿಸಿದಾಳೆ" ಎಂದ. ಧ್ವನಿಯಲ್ಲಿ ಕೋಪ ಹುಡುಕಿದರೂ ಇರಲಿಲ್ಲ. "ಕಪ್ಪೆಲ್ಲ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದಾಳೆ. ಒಂದರ ಕಿವಿ ಹೋಗಿದೆ. ಮೊದಲನೇ ಸಲ ಗೆದ್ದದ್ದು."

ಅವಳ ಕತ್ತರಿ ನಿಂತಿತು. ಬೆನ್ನು ತಿರುಗಿಸಿ ಕೂರುವವನ ಮುಖವನ್ನು ಅವಳು ಬಹಳ ದಿನದ ಮೇಲೆ ನೇರ ನೋಡಿದಳು. ಮುಖ ಬಾಡಿತ್ತು. ಒಂದು ಕ್ಷಣ ಅವನ ಪಾಡು ಕಂಡು ಕರುಳು ಚುರುಕ್ ಎಂದಿತು. ಆ ಕ್ಷಣವನ್ನೇ ಅವನು ಹಿಡಿದುಕೊಂಡ.

"ಆವತ್ತು ರಾತ್ರಿ ನೀನು ಬಾಗಿಲಲ್ಲಿ ಬಂದು ನಿಂತೆ. ಏನೋ ಹೇಳೋಕೆ ಬಾಯಿ ತೆಗೆದೆ. ಮೇಜಿನ ವಿಷಯ ಅಂತ ನಾನು ಅಂದ್ಕೊಂಡೆ." ಅವನು ಒಂದು ಹೆಜ್ಜೆ ಒಳಗೆ ಬಂದ. "ಅದಲ್ಲ ಅಲ್ವಾ? ಏನು ಹೇಳೋಕೆ ಬಂದಿದ್ದೆ?"

ಕಿಟಕಿಯ ಬೆಳಕು ಮೇಜಿನ ಮೇಲೆ ಬಿದ್ದಿತ್ತು. ಮೇಜಿನ ಕೆಳಗೆ, ಅವಳ ಕಾಲಿಗೆ ತಾಗುವಂತೆ, ಹಳದಿ ಟೇಪು ಬಿಗಿದ ಗಂಟು ಇತ್ತು. ಹೇಳಿದರೆ ಈ ಮಾತು ಅತ್ತಿಗೆಯ ಮನೆಗೆ ಹೋಗುತ್ತದೆ, ಉಪ್ಪು ಖಾರ ಹಚ್ಚಿಕೊಂಡು ಮಗಳ ಮನೆಗೆ ಹೋಗುತ್ತದೆ, ಕೊನೆಗೆ ಈ ಮೇಜಿನ ಕಾಲಿಗೆ ಬರುತ್ತದೆ. ಅದೊಂದೇ ಅಲ್ಲ. ಹೇಳಿದರೆ ಅವನು ಕ್ಷಮಿಸಬಹುದು. ಅವನಿಂದ ಕ್ಷಮೆ ಪಡೆದು, ಆ ಋಣದಲ್ಲಿ, ಅವನ ಅಪ್ಪಣೆಯಿಂದ ಈ ಮೇಜಿನ ಮುಂದೆ ನಿಲ್ಲುವುದು ಅವಳಿಗೆ ಬೇಡವಾಗಿತ್ತು.

"ನೀರು ಕುಡಿಯೋಕೆ ಎದ್ದಿದ್ದೆ" ಎಂದಳು.

ನಂಬಿದನೋ ಇಲ್ಲವೋ ಅವನ ಮುಖ ಹೇಳಲಿಲ್ಲ. ಕುರ್ಚಿಯನ್ನು ಮೊದಲಿನ ಹಾಗೆ ಬೆನ್ನು ಮಾಡಿ ಎಳೆದುಕೊಂಡು ಕೂತ.

ಅವಳು ಕಾಲಿನಿಂದ ಗಂಟನ್ನು ಮೇಜಿನಡಿಯ ಕತ್ತಲಿಗೆ ಇನ್ನಷ್ಟು ತಳ್ಳಿದಳು. ಗಂಡನಿಗೂ ಹೇಳುವುದಿಲ್ಲ, ಮಗಳಿಗೂ ಇಲ್ಲ, ಮುಂದೆಂದಾದರೂ ಮನಸ್ಸು ಮೆತ್ತಗಾಗಿ ಯಾರಾದರೂ ಗಿರಾಕಿಯ ಮುಂದೆ ಬಾಯಿ ಜಾರುವುದೂ ಇಲ್ಲ. ಇದು ತನ್ನೊಳಗೇ ಇರಲಿ. ಹಾಗೆಂದು ನಿಶ್ಚಯಿಸಿ, ಸೊಂಟವನ್ನು ಸವೆದ ಅಂಚಿಗೆ ಒತ್ತಿ, ನಿಂತಿದ್ದ ಕತ್ತರಿಯನ್ನು ಗುರುತಿನ ಗೆರೆಯ ಮೇಲೆ ನಡೆಸಿದಳು.